ಮುಂದಿನ ರಂದಾ

ಶಿವಕಾಂತ ಬಿರಾದಾರ ಮೂವತ್ತು ವರ್ಷ ಕಟ್ಟಿಗೆ ಕೆಲಸ ಮಾಡಿದ, ಆದರೆ ಅವನು ಮಾಡಿದ್ದು ಯಾರ ಮನೆಯಲ್ಲೂ ಸಿಗುವುದಿಲ್ಲ. ಕುರ್ಚಿ ಮಾಡಲಿಲ್ಲ, ಮಂಚ ಮಾಡಲಿಲ್ಲ. ನಾಸಿಕದ ಸಾತಪುರದಲ್ಲಿದ್ದ ಒಂದು ಎರಕದ ಕಾರ್ಖಾನೆಯಲ್ಲಿ ಅವನು ಪ್ಯಾಟರ್ನ್ ಮಾಡುತ್ತಿದ್ದ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಸಾಕು, ಹಿಡಿದು ಕೂರಿಸಿ ಹೇಳುತ್ತಿದ್ದ. ಪಂಪಿನ ಹೊಟ್ಟೆಯೋ ಮೋಟಾರಿನ ಪಾದವೋ, ಯಾವ ಸಾಮಾನನ್ನೇ ಎರಕ ಹೊಯ್ಯುವ ಮೊದಲು ಅದೇ ಆಕಾರದ್ದೊಂದು ಕಟ್ಟಿಗೆಯಲ್ಲಿ ಆಗಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಂಡಿ ಉಳಿಯುತ್ತದೆ, ಆ ಗುಂಡಿಗೆ ಕರಗಿದ ಕಬ್ಬಿಣ. ಕಬ್ಬಿಣ ಊರೂರಿಗೆ ಹೋಗುತ್ತದೆ, ಕಟ್ಟಿಗೆ ಕಾರ್ಖಾನೆಯ ಅಟ್ಟದಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತದೆ.

ಅವನ ಊರು ಬೀದರ ಜಿಲ್ಲೆಯ ಭಾಲ್ಕಿ ಹತ್ತಿರ. ಗೌಡಕಿಯ ಬಿರಾದಾರರ ಮಗ ಐಟಿಐಗೆ ಹೋಗಿ ಬಡಿಗನ ಹಾಗೆ ಕೈಯಲ್ಲಿ ರಂದಾ ಹಿಡಿದ ಎಂದು ದೊಡ್ಡಪ್ಪ ಎರಡು ವರ್ಷ ಮಾತು ಬಿಟ್ಟಿದ್ದನಂತೆ. ರಂದಾ ಎಂದರೆ ಹಲಗೆ ಹೆರೆದು ನುಣುಪು ಮಾಡುವ ಸಾಧನ. ಕೀಸುಳಿ ಅನ್ನಿ, ಹತ್ತರಿ ಅನ್ನಿ, ನಾಸಿಕದಲ್ಲಿ ಎಲ್ಲರೂ ರಂದಾ ಅನ್ನುತ್ತಿದ್ದರು, ಅವನೂ ಅದನ್ನೇ ಅಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕಟ್ಟಿಗೆಯ ರಂದಾ ಕೊಂಡ. ಅಷ್ಟರಲ್ಲೇ ಅವನ ಸ್ವಂತದ ಆಸ್ತಿ ಮುಗಿಯಿತು. ಉಳಿದದ್ದೆಲ್ಲ ಕಾರ್ಖಾನೆಯದು. ಅವನ ಬಾಯಲ್ಲಿ ಮಾತ್ರ 'ಮುಂದಿನ ರಂದಾ' ಎನ್ನುವುದು ಹಬ್ಬದ ದಿನದ ಹಾಗೆ ಯಾವಾಗಲೂ ಬರುವುದರಲ್ಲಿತ್ತು.

ಈಗ ಅವನ ಕಸುಬಿನ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ, ನೂರಕ್ಕೆ ಒಂದು ಪಾಲು. ಹಾಗಾಗಿ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಗುಣಿಸುತ್ತ ಕೂತರೆ ಎಲ್ಲಿಯಾದರೂ ತಪ್ಪುತ್ತದೆ ಎಂದು ಈ ಕಸುಬಿನವರ ಬಳಿ ಬೇರೆಯೇ ಒಂದು ಉಕ್ಕಿನ ಅಳತೆಪಟ್ಟಿ ಇರುತ್ತದೆ. ನೋಡಲು ಮಾಮೂಲಿ ಪಟ್ಟಿಯೇ, ಗೆರೆಗಳು ಮಾತ್ರ ಒಂದು ಕೂದಲಿನಷ್ಟು ದೂರ ದೂರ. ಅದರ ಒಂದಡಿ ನಿಜವಾದ ಒಂದಡಿಗಿಂತ ತುಸು ಹೆಚ್ಚು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುತ್ತದೆ.

೧೯೯೬ರಲ್ಲಿ ಶಿವಕಾಂತ ಸಿಡ್ಕೋ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಮಾಡಿದ. ಬಚ್ಚಲಿಗಿದ್ದ ತಗಡಿನ ಬಾಗಿಲು ತುಕ್ಕು ಹಿಡಿದಿತ್ತು. ಹೆಂಡತಿ ಭುವನೇಶ್ವರಿ ಬಡಿಗನನ್ನು ಕರೆಸೋಣ ಎಂದಾಗ ಇವನಿಗೆ ಸಿಟ್ಟೇ ಬಂತು. ಸಾಗವಾನಿ ತಂದು ನಾಲ್ಕು ರವಿವಾರ ಕೂತು ತಾನೇ ಬಾಗಿಲು ಮಾಡಿದ. ಅಂಥ ಬಾಗಿಲು ಸಿಡ್ಕೋದಲ್ಲಿ ಇನ್ನೊಂದಿರಲಿಲ್ಲ, ಹಲಗೆ ಕೂಡಿಸಿದ ಒಂದು ಸಂದಿನಲ್ಲೂ ಉಗುರು ಹೋಗುತ್ತಿರಲಿಲ್ಲ. ಐದನೆಯ ರವಿವಾರ ಚೌಕಟ್ಟಿಗೆ ಹಿಡಿದು ನೋಡಿದರೆ ಬಾಗಿಲು ಹಿಡಿಸಲೊಲ್ಲದು. ಚೌಕಟ್ಟನ್ನು ಅಳೆದದ್ದು ಮಾಮೂಲಿ ಟೇಪಿನಿಂದ, ನಾಲ್ಕೂ ರವಿವಾರ ಕಟ್ಟಿಗೆಗೆ ಅಳತೆ ಹಾಕಿದ್ದು ಕಾರ್ಖಾನೆಯ ಚೀಲದಲ್ಲಿದ್ದ ಆ ಪಟ್ಟಿಯಿಂದ. ಬಡಿಗ ಇಂಥ ತಪ್ಪು ಮಾಡುವುದಿಲ್ಲ, ಅವನ ಹತ್ತಿರ ಆ ಪಟ್ಟಿಯೇ ಇರುವುದಿಲ್ಲ.

ಎತ್ತರವನ್ನು ಗರಗಸದಿಂದ ಒಂದು ಬೆರಳು ಕೊಯ್ದ. ಅಗಲವನ್ನು ಹಳೆಯ ರಂದಾದಿಂದ ಹೆರೆದ, ಆದರೆ ಹೆರೆಯುತ್ತ ಅವನಿಗೆ ಸಂಕಟವಾಯಿತು. ರಂದಾದ ಅಡಿ ಸವೆದು ನಡುವೆ ತಗ್ಗು ಬಿದ್ದಿತ್ತು, ಎಳೆದಲ್ಲೆಲ್ಲ ಏರುತಗ್ಗು ಬೀಳುತ್ತಿತ್ತು. ಬಾಗಿಲು ಹೇಗೋ ಚೌಕಟ್ಟಿನಲ್ಲಿ ಕೂತ ತಕ್ಷಣ ಕೈಬಿಟ್ಟ. ಬೇಸಿಗೆಯಲ್ಲಿ ಸರಿ. ಮಳೆ ಬಿದ್ದ ಕೂಡಲೆ ಕಟ್ಟಿಗೆ ಉಬ್ಬಿ ಬಾಗಿಲು ಬಿಗಿಯಿತು. ಒಳಗೆ ಹೋದವರು ಬಡಿಯಬೇಕು, ಹೊರಗಿದ್ದವರು ಹಿಡಿಕೆ ಹಿಡಿದು ಜಗ್ಗಬೇಕು.

ಭುವನೇಶ್ವರಿ ಬಿಡುವವಳಲ್ಲ. ಅವಳಿಗೆ ಗಂಡನ ಕಸುಬಿನ ಮಾತೆಲ್ಲ ಬಾಯಿಪಾಠವಾಗಿತ್ತು. ಬಚ್ಚಲೊಳಗಿಂದಲೇ, "ಏನ್ರೀ, ನಿಮ್ಮ ಬಾಗಿಲಾ ಇನ್ನಾ ಆರಿಲ್ಲೇನು? ಆರಿದ ಮ್ಯಾಲೆ ಸಣ್ಣದಾಗ್ತದಂತ ಕಾಯ್ಲತ್ತೀರೇನು?" ಎಂದು ಕೇಳುತ್ತಿದ್ದಳು. ಅವನು ಹೊರಗಿನಿಂದ ಜಗ್ಗುತ್ತ, ಮುಂದಿನ ರಂದಾ ಬರಲಿ, ಒಂದೇ ಸಲಕ್ಕೆ ಸರಿ ಮಾಡುತ್ತೇನೆ ಎನ್ನುತ್ತಿದ್ದ. ಹಳೆಯ ರಂದಾದ ಅಲಗು ಮಸೆದು ಕೂತರೂ ಆ ಕೆಲಸ ಆಗುತ್ತಿತ್ತು. ಆದರೆ ಅದು ಅವನ ಜೀವನದ ಒಂದೇ ದೊಡ್ಡ ತಪ್ಪು ಅಳತೆ. ಅದನ್ನು ತಿದ್ದಿದರೆ ತಿದ್ದಿದ್ದೇ ಕಾಣಬಾರದು ಎಂಬ ಹಟ ಅವನಿಗೆ. ಹಟ ಎನ್ನುವುದಕ್ಕಿಂತ ಸೊಕ್ಕು ಎಂದರೇ ಸರಿ.

ಯಾವ ರಂದಾ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಬಾಗಿಲಿನ ಉದ್ದನೆಯ ಅಂಚು ಗೆರೆ ಎಳೆದಷ್ಟು ನೇರ ಬರಬೇಕಾದರೆ ಎರಡಡಿಯ ಉದ್ದ ಕಬ್ಬಿಣದ ರಂದಾ ಬೇಕು. ಕೆಳಗಿನ ತುದಿಯಲ್ಲಿ ಕಟ್ಟಿಗೆಯ ನಾರು ಅಡ್ಡ ಕತ್ತರಿಸಿರುತ್ತದೆ, ಅಲ್ಲಿ ಉದ್ದನೆಯದು ಸಿಬಿರು ಎಬ್ಬಿಸುತ್ತದೆ, ಅಂಗೈಯಲ್ಲಿ ಹಿಡಿಸುವ ಚಿಕ್ಕ ರಂದಾ ಬೇಕು. ಎರಡೂ ಬೇಡ ಎಂದರೆ ನಡುವಿನದೊಂದಿದೆ, ಎಲ್ಲ ಕೆಲಸಕ್ಕೂ ಆಗುತ್ತದೆ, ಅದೇ ಅದರ ದೋಷ. ಹೀಗೆ ಪ್ರತಿ ಜೂನ್ ತಿಂಗಳು ಶುರುವಾಗಿ ದೀಪಾವಳಿಯ ಒಣ ಹವೆ ಬರುವವರೆಗೆ ಅವನ ವಿಚಾರ ನಡೆಯುತ್ತಿತ್ತು. ಆಮೇಲೆ ಬಾಗಿಲು ತಾನೇ ಸಡಿಲಾಗುತ್ತಿತ್ತು, ವಿಚಾರವೂ ಮುಂದಿನ ಮಳೆಗಾಲಕ್ಕೆ ಹೋಗುತ್ತಿತ್ತು.

ಹದಿನಾರು ವರ್ಷ ಹೀಗೇ ಹೋಯಿತು. ಮಗಳು ರಂಜನಿ ಸಣ್ಣ ವಯಸ್ಸಿನಿಂದಲೇ ಹಾಸ್ಟೆಲಿನಲ್ಲಿದ್ದು ಓದಿ, ಮದುವೆಯಾಗಿ, ಔರಂಗಾಬಾದಿನ ಒಂದು ಶಾಲೆಯಲ್ಲಿ ಟೀಚರ್ ಆದಳು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಕಾರ್ಖಾನೆಗೆ ಕಟ್ಟಿಗೆ ಪ್ಯಾಟರ್ನು ಬೇಡವಾಗಿ ಯಂತ್ರ ಬಂತು, ಶಿವಕಾಂತ ಸ್ವಂತ ಇಚ್ಛೆಯ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ.

೨೦೧೨ರ ಜುಲೈ ತಿಂಗಳ ಒಂದು ಬೆಳಿಗ್ಗೆ ಭುವನೇಶ್ವರಿ ಬಚ್ಚಲೊಳಗಿಂದ ಬಾಗಿಲು ಬಡಿದು, "ರೀ" ಎಂದಳು. ಪ್ರತಿ ಮಳೆಗಾಲದ ಕರೆ ಅದು. ಶಿವಕಾಂತ, ಬಂದೆ ತಡಿ ಎಂದು, ಓದುತ್ತಿದ್ದ ಪುಟ ಮುಗಿಸಿ, ಪೇಪರ್ ಮಡಚಿಟ್ಟು ಎದ್ದ. ಜಗ್ಗಿದ. ಅವತ್ತು ಬಾಗಿಲು ಯಾವತ್ತಿಗಿಂತ ಬಿಗಿದಿತ್ತು. ಒಳಗಿಂದ ಬಳೆಯ ಸದ್ದು ಒಂದೆರಡು ಸಲ ಬಂದು ನಿಂತಿತು. ಭುವನಾ ಎಂದು ಕರೆದ, ಉತ್ತರವಿಲ್ಲ. ಮತ್ತೆ ಜಗ್ಗಿದಾಗ ಹಿಡಿಕೆ ಕಿತ್ತು ಕೈಗೆ ಬಂತು. ಮೇಲಿನ ಮನೆಯ ಸುಧೀರ, ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವನು, ಸದ್ದು ಕೇಳಿ ಇಳಿದು ಬಂದ. ಅವನೇ ಎಲ್ಲಿಂದಲೋ ಒಂದು ಕಬ್ಬಿಣದ ಸಲಾಕೆ ತಂದು ಸಂದಿಗೆ ತುರುಕಿ ಮೀಟಿದ. ಭುವನೇಶ್ವರಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು, ಜೀವ ಹೋಗಿತ್ತು. ಹೃದಯ ನಿಂತದ್ದು ಎಂದರು ಆಸ್ಪತ್ರೆಯಲ್ಲಿ. ಸ್ವಲ್ಪ ಮೊದಲು ತಂದಿದ್ದರೆ ಏನಾಗುತ್ತಿತ್ತು ಎಂದು ಶಿವಕಾಂತ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಳಗಿನ ಚಿಲಕ ಹಾಕಿರಲಿಲ್ಲ. ಅದನ್ನು ಶಿವಕಾಂತ ಒಬ್ಬನೇ ನೋಡಿದ. ಬಾಗಿಲು ಬಿಗಿಯುತ್ತದೆಂದು ಅವಳು ಮಳೆಗಾಲದಲ್ಲಿ ಚಿಲಕವನ್ನೇ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಔರಂಗಾಬಾದಿನಿಂದ ಓಡಿ ಬಂದ ರಂಜನಿ, ಬಾಗಿಲು ತೆಗೆಯುವುದಕ್ಕೆ ಯಾಕೆ ತಡವಾಯಿತು ಎಂದು ಕೇಳಿದಾಗ, ಅವನ ಬಾಯಿಂದ ತಾನಾಗಿಯೇ ಬಂತು: "ಒಳಗಿಂದ ಚಿಲಕ ಹಾಕ್ಕೊಂಡಿದ್ಳವ್ವಾ."

ಮಣ್ಣು ಮಾಡುವಾಗ ಅವನು ಅಳಲಿಲ್ಲ. ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಏರಿಸಿ ಒಯ್ದರು. ಇವನು ಹೇಳಿದಲ್ಲಿ ನಿಂತ, ಹೇಳಿದ ಕಡೆ ಮಣ್ಣು ಹಾಕಿದ. ಬಂದ ಬೀಗರೆಲ್ಲ ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಅಲ್ಲ ಮಣ್ಣೂ ಅಲ್ಲ, ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅನ್ನ ಬಾಯಿಗೆ ಹೋಗುತ್ತಿತ್ತು, ರುಚಿ ಇರಲಿಲ್ಲ. ಬೆಳಗಾಗುತ್ತಿತ್ತು, ಏಳುತ್ತಿದ್ದ. ಬಾಗಿಲಿಗೆ ಹೊಸ ಹಿಡಿಕೆ ಹಾಕಿದ. ಎಷ್ಟು ನೀಟಾಗಿ ಹಾಕಿದನೆಂದರೆ ಹಳೆಯ ಮೊಳೆಯ ತೂತುಗಳೂ ಕಾಣಲಿಲ್ಲ.

ರಂಜನಿ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಊಟ ಆಯಿತೇ, ಗುಳಿಗೆ ತಗೊಂಡಿರಾ ಎಂಬಲ್ಲಿಂದ ಶುರುವಾಗಿ ಮಾತು ಚಿಲಕಕ್ಕೆ ಬಂದು ನಿಲ್ಲುತ್ತಿತ್ತು. ಬಿಪಿ ಇದ್ದವಳು ಚಿಲಕ ಹಾಕಬೇಡ ಎಂದು ಎಷ್ಟು ಸಲ ಹೇಳಿದ್ದೆ, ಅವ್ವ ನನ್ನ ಮಾತು ಯಾವಾಗ ಕೇಳಿದ್ದಾಳೆ, ತನ್ನ ಹಟಕ್ಕೆ ತಾನೇ ಹೋದಳು. ಕೆಲವು ಸಲ ಸಿಟ್ಟು ಏರಿದಾಗ ಅವಳ ಕನ್ನಡ ಮುಗಿದು ಮರಾಠಿ ಶುರುವಾಗುತ್ತಿತ್ತು. ಶಿವಕಾಂತ ಹೂಂ ಎನ್ನುತ್ತಿದ್ದ. ಒಂದು ವರ್ಷ ಪೂರ್ತಿ ಹೂಂ ಎಂದ. ಸತ್ತವಳ ಮೇಲೆ ತಪ್ಪು ಹೊರಿಸಿ ತಾನು ಪಕ್ಕಕ್ಕೆ ನಿಂತು ಹೂಂ ಎನ್ನುವುದು ಎಂಥ ನಾಚಿಕೆಗೇಡು ಎಂದು ಅವನಿಗೆ ತಿಳಿಯುತ್ತಿತ್ತು, ಆದರೆ ನಾಚಿಕೆಯೂ ಆಗುತ್ತಿರಲಿಲ್ಲ.

೨೦೧೩ರ ಜೂನ್ ಬಂತು. ಎರಡನೇ ವಾರ ಮಳೆ ಹಿಡಿಯಿತು, ಬಾಗಿಲು ಮತ್ತೆ ಬಿಗಿಯಿತು. ವರ್ಷದ ಪುಣ್ಯತಿಥಿಗೆ ರಂಜನಿ ಒಂದು ವಾರ ಇರಲು ಬರುವವಳಿದ್ದಳು. ಹಾಸ್ಟೆಲಿನಿಂದಲೂ, ಮದುವೆಯಾದ ಮೇಲೂ ಅವಳು ಬರುತ್ತಿದ್ದದ್ದು ದೀಪಾವಳಿಗೆ, ಬೇಸಿಗೆ ರಜೆಗೆ. ಬಾಗಿಲು ಬಿಗಿಯುವ ಕಾಲದಲ್ಲಿ ಮನೆಯಲ್ಲಿ ಉಳಿದಿರಲೇ ಇಲ್ಲ, ತಾಯಿ ಹೋದ ವಾರವನ್ನು ಬಿಟ್ಟರೆ, ಆಗ ಬಾಗಿಲು ಕಿತ್ತು ಗೋಡೆಗೆ ಒರಗಿಸಿದ್ದರು. ಹಾಸ್ಟೆಲಿಗೆ ಹೋಗುವ ಮೊದಲಿನದು, ಚಿಕ್ಕವಳಿದ್ದಾಗಿನದು ಮರೆತಿರಬಹುದು. ಈಗ ಬಂದು ಒಂದು ಸಲ ಬಚ್ಚಲಿಗೆ ಹೋದರೆ ಸಾಕು, ಅವಳಿಗೆ ಎಲ್ಲ ಗೊತ್ತಾಗುತ್ತದೆ. ಅಷ್ಟರೊಳಗೆ ಬಾಗಿಲು ಹೆರೆಯಬೇಕು.

ನಾಸಿಕದ ಮೇನ್ ರೋಡಿನ ಹಾರ್ಡ್‌ವೇರ್ ಅಂಗಡಿಗೆ ನಾಲ್ಕು ಸಲ ಹೋದ. ಉದ್ದನೆಯದನ್ನು ಎತ್ತಿ ಅಡಿಯನ್ನು ಕಣ್ಣಿಗೆ ಹಿಡಿದು ನೋಡಿದ, ಇಟ್ಟ. ನಡುವಿನದರ ಅಲಗು ಬಿಚ್ಚಿ ಜೋಡಿಸಿದ, ಇಟ್ಟ. ಅಂಗಡಿಯವನು ಮೂರನೆಯ ಸಲಕ್ಕೇ ಚಹಾ ಕೇಳುವುದನ್ನು ಬಿಟ್ಟಿದ್ದ. ಒಂದನ್ನು ಕೊಂಡುಬಿಟ್ಟರೆ ಮನೆಗೆ ಹೋಗಿ ಆ ಬಾಗಿಲಿನ ಮುಂದೆ ಕೂರಬೇಕಾಗುತ್ತದೆ ಎಂಬುದು ಶಿವಕಾಂತನಿಗೆ ಒಳಗೊಳಗೇ ಗೊತ್ತಿತ್ತು. ಆರಿಸುತ್ತ ಇರುವಷ್ಟು ಹೊತ್ತು ಮಾತ್ರ ಅವನಿಗೆ ನೆಮ್ಮದಿ.

ಹಾಗೇ ದಿನ ಮುಗಿದು ಮಗಳನ್ನು ಕರೆತರುವ ದಿನ ಬಂತು. ನೀ ಒಬ್ಬಳೇ ಬರಬೇಡ, ನಾನೇ ಬರುತ್ತೇನೆ ಎಂದು ಔರಂಗಾಬಾದಿಗೆ ಹೋದ. ಒಂದು ವರ್ಷದಿಂದ ಅಪ್ಪನ ಬಾಯಿಂದ ಒಂದು ಬೇಕು ಎಂಬ ಮಾತೂ ಕೇಳಿರದ ರಂಜನಿ, ಇಲ್ಲಿಂದ ಏನಾದರೂ ಕೊಂಡುಹೋಗುವುದಿದೆಯೇ ಎಂದು ಸುಮ್ಮನೆ ಕೇಳಿದಳು. ರಂದಾ ನೋಡಬೇಕಿತ್ತು ಎಂದುಬಿಟ್ಟ. ಅವಳ ಮುಖ ಅರಳಿತು. ಅಪ್ಪ ಮತ್ತೆ ಏನೋ ಮಾಡಲು ಮನಸ್ಸು ಮಾಡಿದ್ದಾರೆ ಎಂದುಕೊಂಡಳು ಪಾಪ. ರೈಲಿಗೆ ಇನ್ನೂ ಹೊತ್ತಿತ್ತು, ರಿಕ್ಷಾ ಹಿಡಿದು ಗುಲಮಂಡಿಯಲ್ಲಿದ್ದ ಮೋಹನದಾಸ ಎಂಬುವರ ಹಳೆಯ ಅಂಗಡಿಗೆ ಕರೆದುಕೊಂಡು ಹೋದಳು.

ಮೋಹನದಾಸ ಎಪ್ಪತ್ತರ ಮುದುಕ, ಹತ್ಯಾರಗಳ ನಡುವೆಯೇ ಬೆಳೆದವನು. ಶಿವಕಾಂತ ಅಲ್ಲಿದ್ದ ಒಂದು ರಂದಾವನ್ನು ಕೈಯಲ್ಲಿ ಹಿಡಿದ ರೀತಿಯಲ್ಲೇ ಕಸುಬಿನವನೆಂದು ಗುರುತಿಸಿ, ಮೂರು ರಂದಾ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ, ಉದ್ದನೆಯದು, ನಡುವಿನದು, ಚಿಕ್ಕದು. ಶಿವಕಾಂತ ಒಂದೊಂದನ್ನೂ ಎತ್ತಿದ, ಇಟ್ಟ, ಮತ್ತೆ ಎತ್ತಿದ. ರಂಜನಿ ಸ್ಟೂಲಿನ ಮೇಲೆ ಕೂತು ನಗುತ್ತ ನೋಡುತ್ತಿದ್ದಳು. ಕಡೆಗೆ ಮುದುಕ ಹಿಂದಿಯಲ್ಲಿ, ಕೆಲಸ ಯಾವುದು ಹೇಳಿ, ಆಮೇಲೆ ನಾನು ಹೇಳುತ್ತೇನೆ ಎಂದ.

ಬಾಗಿಲು ಎಂದ ಶಿವಕಾಂತ. ಮಳೆಯಲ್ಲಿ ಬಿಗಿಯುತ್ತದೆ.

ಮುದುಕ ನಕ್ಕುಬಿಟ್ಟ. ಬಾಗಿಲಿಗೆ ಇಷ್ಟು ವಿಚಾರವೇ? ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಮನೆಯಲ್ಲಿ ಹಳೆಯದೊಂದಿದ್ದರೆ ಮಸೆದುಕೊಳ್ಳಿ, ಅದೂ ನಡೆಯುತ್ತದೆ.

ರಂಜನಿ ಯಾವ ಬಾಗಿಲು ಎಂದು ಕೇಳಿದಳು. ಶಿವಕಾಂತನ ಕೈಯಲ್ಲಿ ಉದ್ದನೆಯ ರಂದಾ ಇತ್ತು. ಮೊಲೆಗೂಸಿನ ತೂಕ ಅದರದು, ಅದನ್ನು ಹಿಡಿದುಕೊಂಡೇ, ಬಚ್ಚಲದ್ದು ಎಂದ. ಬಿಗಿಯುತ್ತದೆಯೇ, ಯಾವಾಗಿನಿಂದ ಎಂದಳು. ಮೊದಲಿನಿಂದ ಎಂದ. ಅವಳ ನಗು ನಿಂತು ಮುಖದ ಮೇಲೆ ಲೆಕ್ಕ ನಡೆಯುವುದು ಅವನಿಗೆ ಕಂಡಿತು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂತು. ಅದನ್ನು ಹೇಳುವಷ್ಟು ಶಕ್ತಿ ಇರಲಿಲ್ಲ.

"ಚಿಲಕ ಹಾಕಿರ್ಲಿಲ್ಲವ್ವಾ ಅಕಿ," ಎಂದ. "ಬಾಗಿಲಾನೇ ಬಿಗಿದಿತ್ತು. ನಾ ಮಾಡಿದ ಬಾಗಿಲಾ."

ರಂಜನಿ ಎದ್ದು ನಿಂತಳು. ಮುದುಕನಿಗೆ ಭಾಷೆ ತಿಳಿಯದಿದ್ದರೂ ಏನೋ ಆಯಿತೆಂದು ತಿಳಿದು, ಒಳಗೆ ಹೋಗಿ ಏನೋ ಹುಡುಕುವವನಂತೆ ನಿಂತ. ಎಷ್ಟು ಹೊತ್ತು ಬಿಗಿದಿತ್ತು ಎಂದು ಅವಳು ಕೇಳಿದಳು. ಮೂವತ್ತು ವರ್ಷ ಅರ್ಧ ಮಿಲಿಮೀಟರಿಗೆ ಜಗಳ ಆಡಿದ ಮನುಷ್ಯ, ಗೊತ್ತಿಲ್ಲ ಎಂದ. ನಿಜಕ್ಕೂ ಗೊತ್ತಿರಲಿಲ್ಲ.

ಅವಳು ಮುದುಕನನ್ನು ಕರೆದು, ಕೈಗೆ ಹತ್ತಿರವಿದ್ದ ಚಿಕ್ಕ ರಂದಾ ತೋರಿಸಿ, ಇದನ್ನು ಕಟ್ಟಿ ಎಂದಳು. ಹದಿನೇಳು ವರ್ಷದ ವಿಚಾರ ಅಲ್ಲಿಗೆ ಮುಗಿಯಿತು.

ರೈಲಿನಲ್ಲಿ ಎದುರುಬದುರು ಕೂತರು. ದೌಲತಾಬಾದಿನ ಕೋಟೆ ಮೋಡದಲ್ಲಿ ಅರ್ಧ ಮುಚ್ಚಿ ಕಿಟಕಿಯಲ್ಲಿ ಬಂದು ಹೋಯಿತು. ಮನಮಾಡ ದಾಟಿದ ಮೇಲೆ ರಂಜನಿ ಹೊರಗೆ ನೋಡುತ್ತಲೇ ಹೇಳಿದಳು: "ಒಂದ್ ವರ್ಷ ಅಪ್ಪಾ. ಒಂದ್ ವರ್ಷ ನಾ ಅವ್ವನ ಮ್ಯಾಲ ಸಿಟ್ಟು ಇಟ್ಟೆ. ಅಕಿ ನೆನಪಾದ್ರ ಅಳೂ ಬರ್ತಿದ್ದಿಲ್ಲ, ಬರೇ ಸಿಟ್ಟು. ನೀವು ಫೋನ್‌ನ್ಯಾಗ ಹೂಂ ಅಂತಿದ್ರಿ."

ಶಿವಕಾಂತ ತೊಡೆಯ ಮೇಲಿದ್ದ ಪೊಟ್ಟಣ ಜಾರದಂತೆ ಎರಡು ಕೈಯಲ್ಲಿ ಹಿಡಿದು ಕೂತಿದ್ದ. ಮಗಳು ಬೈದರೆ ಒಳ್ಳೆಯದಿತ್ತು ಎಂದು ಒಮ್ಮೆ ಅನ್ನಿಸಿತು, ಅದೂ ದೂರದಿಂದ, ಬೇರೆಯವರ ಮನೆಯ ಸುದ್ದಿ ಕೇಳಿದಂತೆ.

ಮರುದಿನ ಬೆಳಿಗ್ಗೆ ಅವಳು ಚಹಾ ಕೂಡ ಕುಡಿಯದೆ, ಬನ್ನಿ ಎಂದು ಅವನನ್ನು ಬಚ್ಚಲ ಮುಂದೆ ಕರೆದಳು. ಬಾಗಿಲು ಒತ್ತಿ ಹಾಕಿದಳು, ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಗೋಡೆಗೆ ಕಾಲು ಕೊಟ್ಟು ಜಗ್ಗಿದಾಗ ಕಿರ್ ಎಂದು ಬಿಟ್ಟಿತು. ತಿರುಗಿ ಅಪ್ಪನ ಮುಖ ನೋಡಲಿಲ್ಲ. ಶಿವಕಾಂತ ತಿರುಪು ಬಿಚ್ಚಿದ. ಇಬ್ಬರೂ ಸೇರಿ ಬಾಗಿಲು ಇಳಿಸಿ ನಡುಮನೆಯಲ್ಲಿ ಅಂಚು ಮೇಲಾಗಿ ನಿಲ್ಲಿಸಿದರು. ಅವಳು ಒಂದು ತುದಿಯನ್ನು ಮೈಗೆ ಒತ್ತಿ ಹಿಡಿದಳು.

ಹೊಸ ಅಲಗನ್ನು ಅವನು ರಾತ್ರಿಯೇ ಮಸೆದಿಟ್ಟಿದ್ದ. ಎಲ್ಲಿ ಉಜ್ಜುತ್ತಿದೆ ಎಂದು ನೋಡಬೇಕಾಗಿಯೇ ಇರಲಿಲ್ಲ, ಕಟ್ಟಿಗೆ ಕರ್ರಗೆ ಹೊಳೆಯುತ್ತಿತ್ತು. ರಂದಾ ಇಟ್ಟು ತಳ್ಳಿದ. ಎಳೆ ಉದ್ದಕ್ಕೆ ಸುರುಳಿಯಾಗಿ ಬಂತು. ಇನ್ನೊಂದು ಸಲ. ಮತ್ತೊಂದು. ಮೇಲಿನಿಂದ ಕೆಳಗಿನವರೆಗೆ ಎಂಟು ಹತ್ತು ಸಲ ತಳ್ಳಿರಬೇಕು, ಕೆಳಗಿನ ತುದಿಗೆ ನಾಲ್ಕು. ಅಂಚಿನ ಮೇಲೆ ಬೆರಳಾಡಿಸಿ, ಎತ್ತು ಎಂದ. ಚೌಕಟ್ಟಿಗೆ ಕೂರಿಸಿ ತಿರುಪು ಬಿಗಿದ. ರಂಜನಿ ಒಂದೇ ಬೆರಳಿನಿಂದ ಬಾಗಿಲು ತಳ್ಳಿದಳು, ಮುಚ್ಚಿತು. ಒಂದೇ ಬೆರಳಿನಿಂದ ಎಳೆದಳು, ತೆರೆಯಿತು.

ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಚಹಾ ಇನ್ನೂ ಬಿಸಿಯಿತ್ತು.

"ಇಷ್ಟೇನಾ ಅಪ್ಪಾ?" ಎಂದಳು.

"ಇಷ್ಟೇ," ಎಂದ ಶಿವಕಾಂತ.

ತನ್ನ ಬಾಯಿಂದ ಬಂದ ಆ ಮಾತನ್ನು ಅವನ ಕಿವಿ ಕೇಳಿತು. ಬಚ್ಚಲ ಹೊಸ್ತಿಲ ಮೇಲೆಯೇ ಕೂತ. ಭುವನಾ ಎಂದ, ಇಷ್ಟೇ ಇತ್ತು ಭುವನಾ ಎಂದ. ಒಂದು ವರ್ಷದಿಂದ ಬಾರದ ಅಳು ಬಂತು, ಬಾಯಿ ತೆರೆದು, ಸದ್ದು ಮಾಡಿ, ಮೇಲಿನ ಮನೆಯವರಿಗೆ ಕೇಳುವಂತೆ ಅತ್ತ. ರಂಜನಿ ಅವನಿಗೆ ಸಮಾಧಾನ ಹೇಳಲಿಲ್ಲ. ಅಷ್ಟು ಬೇಗ ಕ್ಷಮಿಸುವುದು ಅವಳಿಂದ ಆಗುವಂತಿರಲಿಲ್ಲ, ಸುಳ್ಳೇಕೆ ಹೇಳಲಿ. ಅವಳೂ ಅಳುತ್ತಿದ್ದಳು, ಅವ್ವನಿಗಾಗಿ, ಮೊದಲ ಸಲ. ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅದೇ ಹೊಸ್ತಿಲ ಇನ್ನೊಂದು ತುದಿಯಲ್ಲಿ ಅವಳೂ ಕೂತಳು.